ನೀರು ಕಂಡ ಜಾಗ, ನೀರು ಬಂದ ಜಾಗ: ಸ್ಟರ್ನ್‌ಡ್ರೈವ್ ಬೋಟಿನ ಸೋರಿಕೆ ಹುಡುಕುವ ಬಗೆ

ಮೊನ್ನೆ ರಾತ್ರಿ ಅಕ್ಕನ ಮಗ ಗೋವಾದಿಂದ ಫೋನ್ ಮಾಡಿದ. ಪ್ರವಾಸಿಗರನ್ನು ಸುತ್ತಾಡಿಸುವ ಬೋಟೊಂದನ್ನು ನೋಡಿಕೊಳ್ಳುವ ಕೆಲಸ ಅವನದು.

"ಮಾವಾ, ಬೋಟಿನ್ಯಾಗ ನೀರು ಬರ್ಲತ್ತದ. ಹಿಂದಿನ ಗ್ವಾಡಿಗಿ ಮೂರು ಸಲ ಸಿಲಿಕಾನ್ ಹಚ್ಚೀನಿ. ಎರಡು ದಿನ ಬಿಟ್ಟು ನೋಡಿದ್ರ ಮತ್ತ ಅಷ್ಟೇ ನೀರು."

"ಎಲ್ಲಿಂದ ಬರ್ಲತ್ತದ?"

"ಇಂಜಿನ್ ಹಿಂದ, ಕೆಳಗ ನಿಂತದ."

"ನಿಂತಿದ್ದು ಎಲ್ಲಿ ಅಂತ ಹೇಳ್ದಿ ತಮ್ಮಾ. ನಾ ಕೇಳಿದ್ದು ಎಲ್ಲಿಂದ ಬಂತು ಅಂತ."

ಆ ಕಡೆ ಹುಡುಗ ಸುಮ್ಮನಾದ. ಒಂಬತ್ತು ವರ್ಷ ಮಾಂಡವಿ ನದಿ ದಂಡೆಯ ಬೋಟ್ ಯಾರ್ಡಿನಲ್ಲಿ ಕೆಲಸ ಮಾಡಿ, ಈಗ ಕಲಬುರಗಿಯ ಕಪನೂರಿನಲ್ಲಿ ಪಂಪು, ಮೋಟಾರು ರಿಪೇರಿ ಮಾಡಿಕೊಂಡಿರುವ ನನಗೆ ಆ ಮೌನ ಚೆನ್ನಾಗಿ ಗೊತ್ತು. ಮೊದಲ ವರ್ಷ ನಾನೂ ಹೀಗೇ ಟ್ಯೂಬುಗಟ್ಟಲೆ ಸಿಲಿಕಾನ್ ಸುರಿದಿದ್ದೇನೆ. ನಮ್ಮ ಕಲಬುರಗಿ, ಯಾದಗಿರಿ ಕಡೆಯ ಎಷ್ಟೋ ಹುಡುಗರು ಗೋವಾ, ಮುಂಬೈ ಕಡೆ ದುಡಿಯಲು ಹೋಗುತ್ತಾರೆ. ಟ್ರ್ಯಾಕ್ಟರು, ಬೈಕು ಬಿಚ್ಚಿ ಕಲಿತ ಕೈ ಬೋಟಿನ ಇಂಜಿನ್ನಿಗೂ ಒಗ್ಗುತ್ತದೆ. ಆದರೆ ಸೋರಿಕೆ ಹುಡುಕುವುದನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಅದಕ್ಕೇ ಆ ರಾತ್ರಿ ಅಳಿಯನಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆದಿದ್ದೇನೆ.

ನಮ್ಮ ಹಳೆಯ ಮಾಳಿಗಿ ಮನೆಗಳನ್ನು ನೆನಪಿಸಿಕೊಳ್ಳಿ. ಮೇಲೆ ಮಣ್ಣು, ಕೆಳಗೆ ಜಂತಿ, ತೊಲೆ. ಜಿಟಿಜಿಟಿ ಮಳೆ ಹಿಡಿದಾಗ ಅಡುಗೆ ಮನೆಯಲ್ಲಿ ಹನಿ ಬೀಳುತ್ತದೆ. ಅಪ್ಪ ಮಾಳಿಗಿ ಹತ್ತಿ ಅಡುಗೆ ಮನೆಯ ನೆತ್ತಿಯ ಮೇಲೇ ಮಣ್ಣು ಹಾಕಿ ತುಳಿದು ಬಂದರೆ ಹನಿ ನಿಲ್ಲುತ್ತಿರಲಿಲ್ಲ. ನೀರು ಒಳಗಿಳಿದಿರುವುದು ಪಡಸಾಲೆಯ ಮೇಲೆ. ಅಲ್ಲಿಂದ ಜಂತಿಯ ಕೆಳಮೈ ಹಿಡಿದು ಹರಿದು, ಎಲ್ಲಿ ಗಂಟು ಅಡ್ಡ ಬಂತೋ ಅಲ್ಲಿ ತೊಟ್ಟಿಕ್ಕಿದೆ. ಬೋಟಿನ ಹೊಟ್ಟೆಯೊಳಗೂ ಇದೇ ನಡೆಯುತ್ತದೆ. ಆ ಹೊಟ್ಟೆಯ ಅತಿ ತಗ್ಗಿನ ಭಾಗವನ್ನು ಬಿಲ್ಜ್ ಎನ್ನುತ್ತಾರೆ. ನೀರು ಎಲ್ಲಿಂದಲೇ ಬರಲಿ, ಕೊನೆಗೆ ಬಂದು ನಿಲ್ಲುವುದು ಅಲ್ಲೇ. ಸ್ಟರ್ನ್‌ಡ್ರೈವ್ ಬೋಟಿನಲ್ಲಿ, ಅಂದರೆ ಇಂಜಿನ್ ಒಳಗೆ, ಡ್ರೈವ್ ಎಂಬ ಪ್ರೊಪೆಲ್ಲರಿನ ಕಾಲು ಹೊರಗೆ ಇರುವ ಬೋಟಿನಲ್ಲಿ, ಆ ತಗ್ಗು ಸಾಮಾನ್ಯವಾಗಿ ಇಂಜಿನ್ನಿನ ಕೆಳಗೆ, ಹಿಂಬದಿಯ ಗೋಡೆಯ ಬುಡದಲ್ಲಿರುತ್ತದೆ. ಹಾಗಾಗಿ ಮುಂದಿನ ಕಿಟಕಿಯಿಂದ ಇಳಿದ ಮಳೆನೀರನ್ನು ನೋಡಿದರೂ ಡ್ರೈವ್ ಸೋರುತ್ತಿದೆ ಅನ್ನಿಸುತ್ತದೆ.

ಗೋಡೆ ಕೊರೆದು ಕೂರಿಸಿದ ಯಂತ್ರ

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಊರುಗಳಿಗೆ ನುಗ್ಗಿದಾಗ ಜನರನ್ನು ಸಾಗಿಸಲು ಬಂದ ರಬ್ಬರ್ ಬೋಟುಗಳನ್ನು ನಮ್ಮ ಭಾಗದವರು ನೋಡಿದ್ದೀರಿ. ಅವುಗಳ ಇಂಜಿನ್ ಪೂರ್ತಿ ಹೊರಗೆ, ಹಿಂದಿನ ಹಲಗೆಗೆ ನೇತುಹಾಕಿದ್ದು. ಅದು ಔಟ್‌ಬೋರ್ಡ್. ಅದನ್ನು ಕೂರಿಸಲು ಬೋಟಿನಲ್ಲಿ ದೊಡ್ಡ ತೂತು ಕೊರೆಯಬೇಕಿಲ್ಲ. ಭೀಮೆ, ಕೃಷ್ಣೆಯ ನಮ್ಮ ಹರಿಗೋಲಿಗಂತೂ ಇಂಜಿನ್ನೇ ಇಲ್ಲ.

ಸ್ಟರ್ನ್‌ಡ್ರೈವ್ ಬೇರೆ ಜಾತಿ. ಇಂಜಿನ್ ಬೋಟಿನೊಳಗೆ, ಹಿಂದಿನ ಗೋಡೆಗೆ ಹತ್ತಿ ಕೂತಿರುತ್ತದೆ. ಗೇರುಗಳು ಮತ್ತು ಪ್ರೊಪೆಲ್ಲರ್ ಇರುವ ಕಾಲು ಹೊರಗೆ ನೀರಿನಲ್ಲಿರುತ್ತದೆ. ಆ ಗೋಡೆಗೆ ಟ್ರಾನ್ಸಮ್ ಎಂದು ಹೆಸರು. ಒಳಗಿನ ಬಲ ಹೊರಗಿನ ಕಾಲಿಗೆ ಹೋಗಬೇಕಾದರೆ ಗೋಡೆಯಲ್ಲಿ ದೊಡ್ಡ ಕಿಂಡಿ ಕೊರೆಯಲೇಬೇಕು. ವೋಲ್ವೊ ಪೆಂಟಾ 1959ರಲ್ಲಿ ಅಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ ಈ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಎರಡು ವರ್ಷದ ನಂತರ ಮರ್ಕ್ರೂಸರ್ ಬಂತು. ಇಂದು ನೀವು ಕೈ ಹಚ್ಚುವ ಸ್ಟರ್ನ್‌ಡ್ರೈವ್ ಬಹುಪಾಲು ಈ ಎರಡು ಮನೆತನಗಳದ್ದೇ ಆಗಿರುತ್ತದೆ. ಭಾಗಗಳ ಆಕಾರ ಬೇರೆಯಾದರೂ ಸೋರುವ ರೀತಿ ಒಂದೇ.

ಆ ಹೊರಗಿನ ಕಾಲು ಸುಮ್ಮನೆ ನಿಂತಿರುವುದಿಲ್ಲ. ಬೋಟು ತಿರುಗಬೇಕಾದರೆ ಅದು ಎಡಕ್ಕೂ ಬಲಕ್ಕೂ ತಿರುಗಬೇಕು. ಆಳ ಕಡಿಮೆಯಾದಾಗ ಮೇಲಕ್ಕೆ ಏಳಬೇಕು. ತಿರುಗುತ್ತಾ, ಏಳುತ್ತಾ ಇರುವಾಗಲೂ ಬಲ ಸಾಗಿಸಬೇಕೆಂದರೆ ನಡುವೆ ಕ್ರಾಸ್ ಇರುವ ಶಾಫ್ಟ್ ಬೇಕು. ಟ್ರ್ಯಾಕ್ಟರಿನ ಪಿಟಿಒದಿಂದ ರೋಟವೇಟರ್‌ಗೆ ಹೋಗುವ ಶಾಫ್ಟಿನಲ್ಲಿ ಇರುವಂಥದ್ದೇ ಯು-ಜಾಯಿಂಟ್. ಟ್ರ್ಯಾಕ್ಟರಿನಲ್ಲಿ ಅದು ಗಾಳಿಯಲ್ಲಿ ತಿರುಗುತ್ತದೆ, ಇಲ್ಲಿ ನೀರಿನೊಳಗೆ. ಅದಕ್ಕೇ ಇದಕ್ಕೊಂದು ರಬ್ಬರ್ ತೋಳು ತೊಡಿಸಿದ್ದಾರೆ. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುವ ಇದಕ್ಕೆ ಬೆಲ್ಲೋಸ್ ಎನ್ನುತ್ತಾರೆ. ಕಾರಿನ ಮುಂದಿನ ಗಾಲಿಯ ಆಕ್ಸೆಲ್ ಮೇಲಿನ ಬೂಟ್ ನೋಡಿದವರಿಗೆ ಇದು ಅದರ ದೊಡ್ಡಣ್ಣ. ಕಾರಿನ ಬೂಟ್ ಹರಿದರೆ ಗ್ರೀಸ್ ಹೊರಗೆ ಬರುತ್ತದೆ. ಬೋಟಿನ ಬೆಲ್ಲೋಸ್ ಹರಿದರೆ ನದಿ ಒಳಗೆ ಬರುತ್ತದೆ.

ಸಾಮಾನ್ಯವಾಗಿ ಮೂರು ರಬ್ಬರ್ ತೋಳುಗಳಿರುತ್ತವೆ. ಮೊದಲನೆಯದು ಈ ಯು-ಜಾಯಿಂಟ್ ಬೆಲ್ಲೋಸ್. ಎರಡನೆಯದು ಹೊಗೆ ಹೋಗುವ ಎಕ್ಸಾಸ್ಟ್ ಬೆಲ್ಲೋಸ್. ಇದು ಹರಿದರೆ ಸದ್ದು, ಹೊಗೆ ಹೆಚ್ಚಾಗುತ್ತದೆ, ಬೋಟು ಮುಳುಗುವುದು ಅಪರೂಪ. ಮೂರನೆಯದು ಗೇರ್ ಕೇಬಲ್ ಹಾದುಹೋಗುವ, ಹೆಬ್ಬೆರಳಿನಷ್ಟು ದಪ್ಪದ ಚಿಕ್ಕ ಬೆಲ್ಲೋಸ್. ನೋಡಲು ಏನೂ ಅಲ್ಲ ಎಂಬಂತಿರುವ ಇದೂ ನೀರಿನ ಮಟ್ಟದ ಕೆಳಗೇ ಇರುತ್ತದೆ. ದೊಡ್ಡದನ್ನು ಹೊಸದು ಹಾಕಿ ಚಿಕ್ಕದನ್ನು ಹಳೆಯದೇ ಬಿಟ್ಟ ಬೋಟು ಬೆಳಗಾಗುವಷ್ಟರಲ್ಲಿ ಜೆಟ್ಟಿಯಲ್ಲೇ ಮುಕ್ಕಾಲು ಮುಳುಗಿ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ.

ಎಷ್ಟು ಬೇಗ ಮುಳುಗುತ್ತದೆ ಎಂಬುದಕ್ಕೆ ಒಂದು ಲೆಕ್ಕ. ನೀರಿನ ಮಟ್ಟದಿಂದ ಒಂದು ಅಡಿ ಕೆಳಗೆ ಒಂದು ಇಂಚು ಅಗಲದ ತೂತಾದರೆ ನಿಮಿಷಕ್ಕೆ 40 ಲೀಟರಿಗೂ ಹೆಚ್ಚು ನೀರು ಒಳಗೆ ಬರುತ್ತದೆ. ನಮ್ಮ ತುಂಬಿದ ಕೊಡದ ಲೆಕ್ಕದಲ್ಲಿ ಹತ್ತಿರಹತ್ತಿರ ಮೂರು ಕೊಡ. ಒಂದು ತಾಸಿಗೆ ಎರಡು ಸಾವಿರ ಲೀಟರಿಗೂ ಮಿಕ್ಕಿ. ಗಂಟೆಗೆ 500 ಗ್ಯಾಲನ್ ಎಂದು ಬರೆದಿರುವ ಸಣ್ಣ ಬಿಲ್ಜ್ ಪಂಪು ಪೂರ್ತಿ ಶಕ್ತಿಯಲ್ಲಿ ಓಡಿದರೂ 1,900 ಲೀಟರಿಗೆ ಮೀರಿ ಎತ್ತಲಾರದು. ಪೈಪು ಮೇಲೇರಿದಷ್ಟೂ, ಬ್ಯಾಟರಿ ಇಳಿದಷ್ಟೂ ಅದು ಇನ್ನೂ ಕಡಿಮೆ ಎತ್ತುತ್ತದೆ.

ಆ ಪಂಪಿನ ಬಗ್ಗೆ ಇನ್ನೊಂದು ಮಾತು. ಫ್ಲೋಟ್ ಸ್ವಿಚ್ ಇರುವ ಪಂಪು ನೀರು ಬಂದಂತೆಲ್ಲ ತಾನೇ ಎತ್ತಿ ಹೊರಗೆ ಹಾಕುತ್ತದೆ. ಬೋಟು ಒಣಗಿದೆ, ಎಲ್ಲ ಸರಿಯಿದೆ ಎಂದು ಮಾಲೀಕ ಅಂದುಕೊಂಡಿರುತ್ತಾನೆ. ಸೋರಿಕೆ ತಿಂಗಳುಗಟ್ಟಲೆ ಬೆಳೆಯುತ್ತಿರುತ್ತದೆ. ಒಂದು ದಿನ ಬ್ಯಾಟರಿ ಸತ್ತಾಗ ಬೋಟು ಹೋಗುತ್ತದೆ. ಪಂಪು ಆಗಾಗ ತಾನಾಗಿ ಓಡುತ್ತಿದ್ದರೆ ಅದನ್ನು ಕಾಯಿಲೆಯ ಲಕ್ಷಣವೆಂದೇ ಹಿಡಿಯಿರಿ.

ಪಾನಾ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ

ಸೋರಿಕೆ ಹುಡುಕುವಾಗ "ಎಲ್ಲಿ" ಎಂದು ಕೇಳುವ ಮೊದಲು "ಯಾವಾಗ" ಎಂದು ಕೇಳಬೇಕು. ಯಾರ್ಡಿನಲ್ಲಿ ನಾನು ಕಲಿತದ್ದರಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ. ಬೋಟು ಇಂಜಿನ್ ಬಂದ್ ಮಾಡಿ ಸುಮ್ಮನೆ ಕಟ್ಟಿದ್ದಾಗ ನೀರು ಬರುತ್ತದೆಯೇ? ಇಂಜಿನ್ ಓಡಿದಾಗ ಮಾತ್ರ ಬರುತ್ತದೆಯೇ? ಬೋಟು ಚಲಿಸಿದಾಗ ಮಾತ್ರವೇ? ಮೂರಕ್ಕೂ ಕಾರಣಗಳು ಬೇರೆ ಬೇರೆ. ಇದನ್ನು ಬಿಡಿಸಿಕೊಂಡರೆ ಹುಡುಕುವ ಜಾಗ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ.

ಮೊದಲು ಬಿಲ್ಜ್ ಪೂರ್ತಿ ಒಣಗಿಸಿ. ಸ್ಪಂಜಿನಲ್ಲಿ ಹೀರಿ, ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ. ಗ್ರೀಸು, ಎಣ್ಣೆಯ ಜಿಡ್ಡು ಇದ್ದರೆ ಸೋಪಿನಿಂದ ತೊಳೆದು ಮತ್ತೆ ಒಣಗಿಸಿ, ಏಕೆಂದರೆ ಜಿಡ್ಡಿನ ಮೇಲೆ ಹನಿಯ ಜಾಡು ಕಾಣುವುದಿಲ್ಲ. ಆಮೇಲೆ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಟ್ರಾನ್ಸಮ್ಮಿನ ಒಳಬದಿಯ ಬುಡದಲ್ಲಿ, ಇಂಜಿನ್ನಿನ ಎರಡೂ ಬದಿಯಲ್ಲಿ ಹಾಸಿ. ಒಳಗಿನ ಲೋಹದ ಪ್ಲೇಟಿನ ಸುತ್ತ, ಪ್ರತಿಯೊಂದು ಬೋಲ್ಟಿನ ಕೆಳಗೆ ಸೀಮೆಸುಣ್ಣದ ಪುಡಿಯನ್ನೋ ಮುಖಕ್ಕೆ ಹಚ್ಚುವ ಪೌಡರನ್ನೋ ಉದುರಿಸಿ. ನೀರಿನ ಒಂದು ಹನಿ ಹರಿದರೂ ಪುಡಿಯ ಮೇಲೆ ಕಪ್ಪಗೆ ಗೆರೆ ಎಳೆದು ತಾನು ಬಂದ ದಾರಿ ತೋರಿಸುತ್ತದೆ. ಯಾವ ದುಬಾರಿ ಉಪಕರಣವೂ ಇದಕ್ಕಿಂತ ಸ್ಪಷ್ಟವಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಈಗ ಬೋಟನ್ನು ನೀರಿಗಿಳಿಸಿ ಕಟ್ಟಿ. ಬಿಲ್ಜ್ ಪಂಪಿನ ಆಟೋಮ್ಯಾಟಿಕ್ ಬಂದ್ ಮಾಡಿ. ಬಂದ್ ಮಾಡಿದ ಮೇಲೆ ಬೋಟು ಬಿಟ್ಟು ಊಟಕ್ಕೆ ಹೋಗಬೇಡಿ. ಇಂಜಿನ್ ಶುರು ಮಾಡದೆ ಒಂದು ತಾಸು ಕಾಯಿರಿ. ಡ್ರೈವ್ ನೇರ ಇದ್ದಾಗ ಒಮ್ಮೆ, ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಒಮ್ಮೆ, ಪೂರ್ತಿ ಬಲಕ್ಕೆ ಒಮ್ಮೆ, ಡ್ರೈವ್ ಮೇಲೆತ್ತಿ ಒಮ್ಮೆ ನೋಡಿ. ಬಹಳ ಜನ ನೇರ ಇಟ್ಟು ನೋಡಿ ಸುಮ್ಮನಾಗುತ್ತಾರೆ. ಡ್ರೈವ್ ಒಂದು ಕಡೆ ತಿರುಗಿದಾಗ ಬೆಲ್ಲೋಸಿನ ಎದುರು ಬದಿಯ ಮಡಿಕೆಗಳು ಹಿಗ್ಗುತ್ತವೆ. ನೇರ ಇದ್ದಾಗ ತುಟಿ ಮುಚ್ಚಿಕೊಂಡಿರುವ ಸೀಳು ಆಗ ಬಾಯಿ ತೆರೆಯುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಬೋಟು ವೇಗವಾಗಿ ಓಡುವಾಗ ನೀರಿನ ಮೇಲೆ ಏಳುವುದರಿಂದ ಬೆಲ್ಲೋಸ್ ಬಹುಮಟ್ಟಿಗೆ ನೀರಿನ ಹೊರಗಿರಬಹುದು. ಅದು ಪೂರ್ತಿ ಮುಳುಗುವುದು ಬೋಟು ನಿಂತಾಗ, ನಿಧಾನವಾಗಿ ಸರಿಯುವಾಗ. "ಜೋರಾಗಿ ಓಡಿಸಿ ನೋಡೀನಿ, ಏನೂ ಬರ್ಲಿಲ್ಲ" ಎಂಬ ಮಾತಿನಿಂದ ಬೆಲ್ಲೋಸ್ ಚೆನ್ನಾಗಿದೆ ಎಂದು ಸಾಬೀತಾಗುವುದಿಲ್ಲ.

ನಿಂತಾಗ ಬರಲಿಲ್ಲವೆಂದರೆ ಬೋಟನ್ನು ಟ್ರೇಲರ್ ಮೇಲೆ ತನ್ನಿ. ಡ್ರೈವಿನ ಕೆಳಭಾಗದಲ್ಲಿರುವ ನೀರು ಹೀರುವ ಕಿಂಡಿಗಳಿಗೆ ಎರಡು ರಬ್ಬರ್ ಬಟ್ಟಲು ಒತ್ತಿ, ಅದಕ್ಕೆ ನಲ್ಲಿಯ ಪೈಪು ಜೋಡಿಸುವ ಸಾಧನ ಸಿಗುತ್ತದೆ. ಯಾರ್ಡಿನಲ್ಲಿ ಅದನ್ನು ಮಫ್ ಎನ್ನುತ್ತಾರೆ. ಮೊದಲು ನೀರು ಬಿಟ್ಟು, ಆಮೇಲೆ ಇಂಜಿನ್ ಶುರು ಮಾಡಿ. ನೀರಿಲ್ಲದೆ ಶುರು ಮಾಡಿದರೆ ಪಂಪಿನ ರಬ್ಬರ್ ಇಂಪೆಲ್ಲರ್ ಒಂದು ನಿಮಿಷದೊಳಗೇ ಸುಟ್ಟುಹೋಗಬಹುದು. ಹತ್ತಿರ ಮಕ್ಕಳನ್ನು ಬಿಡಬೇಡಿ, ಗೇರ್ ಹಾಕಬೇಡಿ. ಪೆಟ್ರೋಲ್ ಇಂಜಿನ್ನಾದರೆ ಒಳಗಿನ ಗಾಳಿ ಹೊರಹಾಕುವ ಬ್ಲೋವರ್ ನಾಲ್ಕು ನಿಮಿಷ ಓಡಿಸಿ, ಮೂಗಿಗೆ ಪೆಟ್ರೋಲ್ ವಾಸನೆ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಆಮೇಲೆ ಸೆಲ್ಫ್ ಹೊಡೆಯಿರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದೂ ನೀರಿನ ಹಾಗೆ ಬಿಲ್ಜಿಗೇ ಇಳಿದು ಕೂರುತ್ತದೆ. ಇಂಜಿನ್ ಓಡಿಸುವುದು ಬಯಲಿನಲ್ಲೇ ಆಗಬೇಕು, ಶೆಡ್ಡಿನ ಬಾಗಿಲು ಮುಚ್ಚಿಕೊಂಡಲ್ಲ.

ಟ್ರೇಲರ್ ಮೇಲೆ, ಮಫ್ ಹಚ್ಚಿದ್ದಾಗ ಒಳಗೆ ನೀರು ಬಂತೋ, ಟ್ರಾನ್ಸಮ್ಮಿನ ಹೊರಬದಿಯ ಸೀಲುಗಳನ್ನು ಪಕ್ಕಕ್ಕಿಡಬಹುದು. ಬೋಟು ನೀರಿನಲ್ಲೇ ಇಲ್ಲವಲ್ಲ. ದೋಷ ಇಂಜಿನ್ನಿನ ತಂಪು ನೀರಿನ ದಾರಿಯಲ್ಲಿದೆ. ಗೋಡೆ ದಾಟಿ ಒಳಬರುವ ನೀರಿನ ಹೋಸ್ ಮತ್ತು ಅದರ ಕ್ಲಾಂಪ್, ಪಂಪಿನ ಸೀಲ್, ಹೀಟ್ ಎಕ್ಸ್‌ಚೇಂಜರಿನ ಮುಚ್ಚಳ, ಎಕ್ಸಾಸ್ಟ್ ಎಲ್ಬೋ, ಅದರ ಕೆಳಗಿನ ಗ್ಯಾಸ್ಕೆಟ್, ಹೊಗೆ ಪೈಪು, ಎಲ್ಲಕ್ಕೂ ಕೈಯಾಡಿಸಿ. ಇಂಜಿನ್ ಪಂಪುಗಳ ಕೆಳಗೆ ಬೇಕೆಂದೇ ಒಂದು ಸಣ್ಣ ರಂಧ್ರ ಬಿಟ್ಟಿರುತ್ತಾರೆ. ಒಳಗಿನ ಸೀಲ್ ಸವೆದರೆ ನೀರು ಬೇರಿಂಗಿಗೆ ಹೋಗದೆ ಆ ರಂಧ್ರದಿಂದ ಹೊರಬಂದು ಎಚ್ಚರಿಸಲಿ ಎಂದು. ಅಲ್ಲಿ ಹನಿ ಕಂಡು ರಂಧ್ರವನ್ನೇ ಎಂ-ಸೀಲಿನಿಂದ ಮುಚ್ಚಿದವರನ್ನು ನೋಡಿದ್ದೇನೆ. ನಮ್ಮಲ್ಲಿ ಹೊಲದ ಪಂಪಿಗೂ ಹೀಗೆ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಮುಂದೆ ಬೇರಿಂಗೇ ಹೋಗುತ್ತದೆ.

ನಿಂತಾಗಲೂ ಇಲ್ಲ, ಮಫ್ ಮೇಲೂ ಇಲ್ಲ, ಓಡಿದಾಗ ಮಾತ್ರ ಎಂದಾದರೆ ನೀರಿನ ಮಟ್ಟದ ಮೇಲಿರುವ ತೂತುಗಳನ್ನು ನೋಡಿ. ಈಜಲು ಇಳಿಯುವವರಿಗಾಗಿ ಹಿಂದೆ ಜೋಡಿಸಿದ ಕಟ್ಟೆಯ ಬೋಲ್ಟು, ಏಣಿಯ ಬೋಲ್ಟು, ಬಿಸಿಲಿಗೆ ಸೀಳಿದ ಪ್ಲಾಸ್ಟಿಕ್ ಫಿಟಿಂಗು, ಡ್ರೈವ್ ಎಷ್ಟು ಎದ್ದಿದೆ ಎಂದು ತಿಳಿಸುವ ಟ್ರಿಮ್ ಸೆನ್ಸರಿನ ವೈರು ಒಳಗೆ ಹೋಗುವ ರಬ್ಬರ್. ಇಲ್ಲೇ ಇನ್ನೊಬ್ಬ ಕಳ್ಳ ಅಡಗಿದ್ದಾನೆ. ಡ್ರೈವನ್ನು ತಿರುಗಿಸುವ ಮೇಲಿನ ಸ್ಟೇರಿಂಗ್ ಪಿನ್ ಹಲವು ಮಾದರಿಗಳಲ್ಲಿ ಗೋಡೆಯ ಒಳಗಿನ ತೋಳಿಗೆ ಕೂಡಿಕೊಂಡಿರುತ್ತದೆ. ಅದರ ಬುಷ್, ಸೀಲ್ ಸವೆದರೆ ಬೋಟು ಹಿಂದಕ್ಕೆ ಸರಿಯುವಾಗ, ಥಟ್ಟನೆ ವೇಗ ಇಳಿಸಿದಾಗ ಹಿಂದಿನಿಂದ ಏರಿ ಬರುವ ಅಲೆ ಅಲ್ಲಿಂದ ನುಸುಳುತ್ತದೆ. ಡ್ರೈವಿನ ಕಾಲನ್ನು ಕೈಯಲ್ಲಿ ಹಿಡಿದು ಅಲುಗಿಸಿ ನೋಡಿ. ಸ್ಟೇರಿಂಗ್ ಕದಲದಿದ್ದರೂ ಕಾಲು ಗಡಗಡ ಆಡಿದರೆ ಈ ಪಿನ್ನಿನ ಮೇಲೆ ಅನುಮಾನ ಇಡಿ.

ನೀರಿನ ಗುಣವೂ ಸಾಕ್ಷಿ ಹೇಳುತ್ತದೆ. ಸಮುದ್ರದ ಕಡೆ ಕೆಲಸ ಮಾಡುವವರು ಬಿಲ್ಜಿನ ನೀರಿನ ನಾಲ್ಕು ಹನಿಯನ್ನು ಗಾಜಿನ ಮೇಲೆ ಬಿಸಿಲಿಗಿಡಿ. ಬಿಳಿ ಉಪ್ಪು ಉಳಿದರೆ ನೀರು ಹೊರಗಿನದು. ಉಪ್ಪೇ ಇಲ್ಲವೆಂದರೆ ಮಳೆ, ಅಥವಾ ಬೋಟು ತೊಳೆದ ನೀರು. ಬಣ್ಣ ಇದ್ದು ಜಿಗುಟಾಗಿದ್ದರೆ ಇಂಜಿನ್ ಕೂಲಂಟ್. ನಮ್ಮ ಕೆರೆ, ಜಲಾಶಯದ ಸಿಹಿನೀರಿನಲ್ಲಿ ಈ ಉಪ್ಪಿನ ಪರೀಕ್ಷೆ ನಡೆಯುವುದಿಲ್ಲ.

ಯಾವುದರಲ್ಲೂ ಸಿಗದ ಹಟಮಾರಿ ಸೋರಿಕೆಗೆ ಉಲ್ಟಾ ಪರೀಕ್ಷೆಯಿದೆ. ಪಂಕ್ಚರ್ ತೆಗೆಯುವವನು ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಾನಲ್ಲ, ಹಾಗೆ. ಟ್ರೇಲರ್ ಮೇಲಿನ ಬೋಟಿನ ಬಿಲ್ಜಿಗೆ ಒಳಗಿನಿಂದ ನೀರು ತುಂಬಿ, ಹೊರಗೆ ಎಲ್ಲಿ ಹನಿ ಮೂಡುತ್ತದೆ ನೋಡುವುದು. ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ ಬೆರೆಸಿದರೆ ಬಿಳಿ ಫೈಬರ್ ಮೇಲೆ ಜಾಡು ಎದ್ದು ಕಾಣುತ್ತದೆ. ಆದರೆ ಸ್ಟಾರ್ಟರ್ ಮೋಟಾರು ಇಂಜಿನ್ನಿನ ಕೆಳಭಾಗದಲ್ಲೇ ಇರುತ್ತದೆ, ಫ್ಲೈವ್ಹೀಲ್ ಮನೆಯೂ ಅಲ್ಲೇ. ನೀರು ಅವುಗಳಿಗೆ ಮುಟ್ಟಬಾರದು. 200 ಲೀಟರ್ ತುಂಬಿದರೆ ಟ್ರೇಲರಿನ ಹಿಂಭಾಗದ ಮೇಲೆ 200 ಕಿಲೋ ಹೆಚ್ಚಾಯಿತು ಎಂಬುದು ನೆನಪಿರಲಿ. ಹಿಂದೆ ಆಧಾರ ಕೊಡದೆ ತುಂಬಬೇಡಿ.

ಬಿಚ್ಚಿದಾಗ ಕಾಣುವುದು

ಅಳಿಯನಿಗೆ ಫೋನಿನಲ್ಲೇ ಈ ಪರೀಕ್ಷೆಗಳನ್ನು ಹೇಳಿದೆ. ಮರುದಿನ ಸಂಜೆ ಅವನು ಮತ್ತೆ ಫೋನ್ ಮಾಡಿದ. "ಮಾವಾ, ನೇರ ಇಟ್ರ ಏನೂ ಇಲ್ಲ. ಎಡಕ್ಕ ಪೂರ್ತಿ ತಿರುವಿದ್ರ ಕಾಲು ತಾಸಿನ್ಯಾಗ ಪೇಪರ್ ತೊಯ್ತು. ಇನ್ನೊಂದ್ ಮಾತು, ಮೊದ್ಲಿಂದ ತಿರುವಿದಾಗ ಗಿರಣಿ ತಿರುಗಿದಂಗ ಗರಗರ ಅಂತದ."

ಆ ಗರಗರ ಕೇಳಿದೊಡನೆ ಉಳಿದದ್ದು ತಿಳಿಯಿತು. ಗೋಡೆಯ ನಡುವೆ ಶಾಫ್ಟನ್ನು ಹಿಡಿದಿರುವ ಗಿಂಬಲ್ ಬೇರಿಂಗ್ ಎಂಬುದಿದೆ. ಬೆಲ್ಲೋಸ್ ಸೀಳಿದಾಗ ನೀರು ಮೊದಲು ಬೆಲ್ಲೋಸಿನೊಳಗೆ ತುಂಬುತ್ತದೆ, ಬೋಟಿನೊಳಗೆ ಬರುವುದಿಲ್ಲ. ಬೇರಿಂಗಿನ ಹಿಂದೆ ಒಂದು ಆಯಿಲ್ ಸೀಲ್ ಅದನ್ನು ತಡೆದಿರುತ್ತದೆ. ಒಳಗೆ ನಿಂತ ನೀರು ಬೇರಿಂಗಿನ ಗ್ರೀಸ್ ತೊಳೆಯುತ್ತದೆ, ತುಕ್ಕು ಹಿಡಿಸುತ್ತದೆ, ಗುಂಡುಗಳು ಗರಗರ ಎನ್ನತೊಡಗುತ್ತವೆ. ಅಲುಗಾಡುವ ಶಾಫ್ಟ್ ಸೀಲನ್ನು ತಿನ್ನುತ್ತದೆ. ಆಮೇಲಷ್ಟೇ ನೀರು ಒಳಗೆ ಕಾಣುತ್ತದೆ. ಅಂದರೆ ಮಾಲೀಕನ ಕಣ್ಣಿಗೆ ನೀರು ಬಿದ್ದ ಹೊತ್ತಿಗೆ ಬೆಲ್ಲೋಸ್ ಹರಿದು ವಾರಗಳೋ ತಿಂಗಳುಗಳೋ ಆಗಿರುತ್ತವೆ. ಅಳಿಯ ಒಳಗಿನ ಗೋಡೆಗೆ ಹಚ್ಚಿದ ಸಿಲಿಕಾನ್ ಇದರಲ್ಲಿ ಯಾವುದನ್ನೂ ಮುಟ್ಟಿರಲಿಲ್ಲ.

ಬೆಲ್ಲೋಸ್ ಬದಲಿಸಲು ಡ್ರೈವ್ ಇಳಿಸಬೇಕು. ಮರ್ಕ್ರೂಸರಿನ ಆಲ್ಫಾ ಮಾದರಿಯಲ್ಲಿ ಆರು ನಟ್ಟು, ಡ್ರೈವನ್ನು ಎತ್ತಿ ಇಳಿಸುವ ಟ್ರಿಮ್ ಸಿಲಿಂಡರಿನ ಪಿನ್ನು. ಆಲ್ಫಾ ಇಳಿಸುವಾಗ ಗೇರ್ ಮುಂದಕ್ಕಿರಬೇಕು, ಬ್ರಾವೋ ಮಾದರಿಯಾದರೆ ನ್ಯೂಟ್ರಲ್. ಇದನ್ನು ಮರೆತು ಎಳೆದಾಡಿದವರು ಗೇರ್ ಕೇಬಲಿನ ಜೋಡಣೆ ಮುರಿದುಕೊಂಡಿದ್ದಾರೆ. 50 ಕಿಲೋಗೂ ಹೆಚ್ಚು ಭಾರದ ಕಾಲು, ಒಬ್ಬನೇ ಹಿಡಿಯುವ ಸಾಹಸ ಬೇಡ.

ಇಳಿಸಿದ ಮೇಲೆ ರಬ್ಬರಿನ ಮಡಿಕೆಗಳನ್ನು ಬೆರಳಲ್ಲಿ ಬಿಡಿಸಿ, ಟಾರ್ಚ್ ಹಿಡಿದು ಪ್ರತಿ ಮಡಿಕೆಯ ತಳ ನೋಡಿ. ಸೀಳು ಸಾಮಾನ್ಯವಾಗಿ ಮಡಿಕೆಯ ತಗ್ಗಿನಲ್ಲಿರುತ್ತದೆ, ಏರಿನಲ್ಲಲ್ಲ. ಹೊರಗೆ ಹೊಳೆಯುವ ರಬ್ಬರ್ ಒಳಗೆ ಒಣಗಿ ಬಿರಿದಿರಬಹುದು. ಡ್ರೈವನ್ನು ಮೇಲೆತ್ತಿಟ್ಟು ತಿಂಗಳುಗಟ್ಟಲೆ ಬೋಟು ನಿಲ್ಲಿಸುವ ರೂಢಿಯೂ ಇದಕ್ಕೆ ಕಾರಣ. ಎತ್ತಿದಾಗ ಮಡಿಕೆಗಳು ಒಂದು ಕಡೆ ಹಿಸುಕಿ, ಇನ್ನೊಂದು ಕಡೆ ಜಗ್ಗಿ ಅದೇ ಆಕಾರಕ್ಕೆ ಗಟ್ಟಿಯಾಗುತ್ತವೆ. ನೆಲದ ಮೇಲೆ ಇಡುವಾಗ ಡ್ರೈವ್ ಕೆಳಗಿಳಿಸಿ ಇಡಬೇಕು. ನಮ್ಮ ಕಲಬುರಗಿಯ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಬಯಲಿನಲ್ಲಿ ನಿಲ್ಲಿಸಿದ ಬೋಟಿನ ರಬ್ಬರ್ ನೀರಿಗಿಳಿಯದೆಯೇ ಮುದಿಯಾಗುತ್ತದೆ. "ಓಡೇ ಇಲ್ಲಲ್ರಿ, ಹೊಸಾದು ಇದ್ದಂಗ ಅದ" ಎಂಬ ಮಾತಿಗೆ ಬೆಲೆ ಕೊಡಬೇಡಿ, ರಬ್ಬರಿಗೆ ಓಡಿದ ತಾಸಿಗಿಂತ ಕಳೆದ ವರ್ಷ ಮುಖ್ಯ.

ಹೊಸ ಬೆಲ್ಲೋಸ್ ಕೂರಿಸುವಾಗ ಕೆಲಸದ ಮುಕ್ಕಾಲು ಪಾಲು ಸ್ವಚ್ಛ ಮಾಡುವುದೇ. ಅದು ಕೂರುವ ಅಲ್ಯೂಮಿನಿಯಂ ತುಟಿಯ ಮೇಲಿನ ಹಳೆಯ ಅಂಟು, ಬಿಳಿ ತುಕ್ಕು ಎಲ್ಲ ಹೋಗುವಂತೆ ಪಾಲಿಶ್ ಪೇಪರಿನಲ್ಲಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ. ಗ್ರೀಸ್ ಹಚ್ಚಿ ಜಾರಿಸಿ ಕೂರಿಸುವ ಅಭ್ಯಾಸ ಕೆಲವರಿಗಿದೆ. ಹಾಗೆ ಕೂತದ್ದು ಹಾಗೇ ಜಾರಿ ಹೊರಬರುತ್ತದೆ. ಆ ಬೆಲ್ಲೋಸಿಗೆ ಕಂಪನಿ ಹೇಳಿದ ಅಂಟನ್ನೇ ಹಚ್ಚಿ, ಕೈಗೆ ಜಿಗುಟಾಗುವವರೆಗೆ ಕಾದು ಕೂರಿಸಿ. ಯಾವ ತುದಿ ಒಳಗೆ, ಯಾವ ಬದಿ ಮೇಲೆ ಎಂಬ ಗುರುತು ಇದ್ದರೆ ನೋಡಿ. ಕ್ಲಾಂಪುಗಳು ಸ್ಟೇನ್‌ಲೆಸ್ ಆಗಿರಲಿ, ಅವುಗಳ ಸ್ಕ್ರೂ ಮುಂದೆ ಸ್ಕ್ರೂಡ್ರೈವರ್ ತಾಗುವ ಕಡೆಗಿರಲಿ, ಡ್ರೈವ್ ತಿರುಗಿದಾಗ ಯಾವುದಕ್ಕೂ ಉಜ್ಜದಿರಲಿ. ದೊಡ್ಡದನ್ನು ಬದಲಿಸುವಾಗಲೇ ಕೇಬಲಿನ ಚಿಕ್ಕ ಬೆಲ್ಲೋಸ್, ನೀರಿನ ಹೋಸ್, ಗಿಂಬಲ್ ಬೇರಿಂಗ್, ಅದರ ಸೀಲ್ ಎಲ್ಲ ಬದಲಿಸಿಬಿಡಿ. ಸಾಮಾನಿನ ಬೆಲೆಗಿಂತ ಇಳಿಸಿ ಏರಿಸುವ ಶ್ರಮವೇ ದೊಡ್ಡದು.

ಬೇರಿಂಗ್ ಹಾಕುವಾಗ ಅದರ ಮೈಯಲ್ಲಿರುವ ಗ್ರೀಸ್ ರಂಧ್ರ ಮತ್ತು ಸುತ್ತಲಿನ ಉಂಗುರದ ಬಿರುಕು ಎರಡೂ, ಬೇರಿಂಗ್ ಕೂರುವ ಲೋಹದ ಮನೆಯಲ್ಲಿರುವ ಗ್ರೀಸ್ ದಾರಿಗೆ ಸರಿಯಾಗಿ ಬರಬೇಕು. ತಪ್ಪಿದರೆ ನಿಪ್ಪಲಿನಲ್ಲಿ ಎಷ್ಟು ಗ್ರೀಸ್ ಹೊಡೆದರೂ ಬೇರಿಂಗಿಗೆ ಮುಟ್ಟದು. ಡ್ರೈವ್ ಏರಿಸುವ ಮೊದಲು ಅಲೈನ್‌ಮೆಂಟ್ ಬಾರ್ ಎಂಬ ಉದ್ದ ಸರಳನ್ನು ಬೇರಿಂಗಿನೊಳಗಿಂದ ಇಂಜಿನ್ನಿನ ಕಪ್ಲರ್‌ವರೆಗೆ ತೂರಿಸಿ. ಎರಡು ಬೆರಳಿನ ಬಲಕ್ಕೆ ಅದು ಸರಾಗವಾಗಿ ಹೋಗಿಬರಬೇಕು. ಬಿಗಿಯಾದರೆ ಇಂಜಿನ್ನಿನ ಮುಂದಿನ ಮೌಂಟುಗಳನ್ನು ಏರಿಸಿ ಇಳಿಸಿ ಹೊಂದಿಸಿ. ಈ ಹೆಜ್ಜೆ ಹಾರಿಸಿದರೆ ಹೊಸ ಬೇರಿಂಗ್ ಒಂದೇ ಹಂಗಾಮಿನಲ್ಲಿ ಮತ್ತೆ ಗಿರಣಿಯಾಗುತ್ತದೆ.

ಬೆಲ್ಲೋಸ್ ಕೂರುವ ತುಟಿಯೇ ತುಕ್ಕು ತಿಂದು ಗುಳಿಗುಳಿಯಾಗಿದ್ದರೆ ಹೊಸ ರಬ್ಬರ್ ಕೂಡ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ಹೀಗಾಗದಿರಲೆಂದೇ ಡ್ರೈವಿಗೆ ತಾನು ಕರಗಿ ಅದನ್ನು ಉಳಿಸುವ ಲೋಹದ ತುಂಡು ಕಟ್ಟಿರುತ್ತಾರೆ. ಅದು ಆನೋಡ್. ಉಪ್ಪುನೀರಿಗೆ ಸತುವಿನದು, ಸಿಹಿನೀರಿಗೆ ಮೆಗ್ನೀಸಿಯಂ, ಎರಡೂ ಬೆರೆತ ನದಿಮುಖಕ್ಕೆ ಅಲ್ಯೂಮಿನಿಯಂ. ಅರ್ಧ ಕರಗಿದೊಡನೆ ಬದಲಿಸಿ. ಅದರ ಮೇಲೆ ಬಣ್ಣ ಹಚ್ಚಬೇಡಿ, ಹಚ್ಚಿದರೆ ಅದು ಕೆಲಸ ಮಾಡುವುದಿಲ್ಲ.

ಟ್ರಾನ್ಸಮ್ ಗೋಡೆ ಮತ್ತು ಡ್ರೈವಿನ ಚೌಕಟ್ಟಿನ ನಡುವಿನ ದೊಡ್ಡ ರಬ್ಬರ್ ಸೀಲೇ ಸೋರುತ್ತಿದ್ದರೆ ಕೆಲಸ ಭಾರಿ, ಇಂಜಿನ್ ಎತ್ತಬೇಕಾಗುತ್ತದೆ. ಆ ತೀರ್ಮಾನಕ್ಕೆ ಬರುವ ಮೊದಲು ಉಳಿದ ಎಲ್ಲವನ್ನೂ ಪರೀಕ್ಷಿಸಿರಬೇಕು. ಹಾಗೆಯೇ ಗೋಡೆಯನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ ನೋಡಿ. ಹಲವು ಬೋಟುಗಳ ಟ್ರಾನ್ಸಮ್ಮಿನಲ್ಲಿ ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ನೆನೆದ ಡೊಳ್ಳಿನಂತೆ ದಬ್ ಎನ್ನುತ್ತದೆ. ಮರ ಕೊಳೆತಿದ್ದರೆ ಯಾವ ಸೀಲೂ ಬಿಗಿಯಾಗಿ ನಿಲ್ಲದು, ಬೋಲ್ಟು ಬಿಗಿ ಮಾಡಿದಷ್ಟೂ ಗೋಡೆ ಹಿಸುಕುತ್ತದೆ. ಅಲ್ಲಿಗೆ ಗೋಡೆಯನ್ನೇ ಕಟ್ಟಬೇಕು. ಮಾಲೀಕನಿಗೆ ಈ ಸುದ್ದಿ ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಆ ಬೋಟಿನಲ್ಲಿ ಮಕ್ಕಳು ಕೂರುತ್ತಾರೆ.

ಗೇರ್ ಎಣ್ಣೆ ಹಾಲು ಬೆರೆಸಿದ ಚಹಾದಂತಾಗಿದ್ದರೆ ಅದು ಬೇರೆಯೇ ಸೋರಿಕೆ. ಡ್ರೈವಿನೊಳಗೆ ನೀರು ಹೋಗಿದೆ, ಪ್ರೊಪೆಲ್ಲರ್ ಶಾಫ್ಟಿನ ಸೀಲ್ ಮೊದಲು ನೋಡಿ. ಬೋಟು ಒಣಗಿದ್ದರೂ ಗೇರುಗಳು ಹಾಳಾಗುತ್ತವೆ.

ಸಿಲಿಕಾನ್ ಬಗ್ಗೆ ಅಳಿಯ ಕೇಳಿದ. ಬಾತ್‌ರೂಮಿಗೆ ಹಚ್ಚುವ, ಹುಳಿ ವಾಸನೆಯ ಸಿಲಿಕಾನ್ ನೀರಿನ ಕೆಳಗಿನ ಕೆಲಸಕ್ಕಲ್ಲ. ಬೋಲ್ಟು, ಫಿಟಿಂಗುಗಳಿಗೆ ಬೋಟಿಗೆಂದೇ ಮಾಡಿದ ಪಾಲಿಯುರೆಥೇನ್ ಸೀಲಂಟ್ ಬೇಕು. ಅದರಲ್ಲೂ 3ಎಂ 5200 ಒಮ್ಮೆ ಹಚ್ಚಿದರೆ ಬಿಡಿಸುವುದು ಬಹಳ ಕಷ್ಟ. ಮುಂದೆ ಬಿಚ್ಚಬೇಕಾದಲ್ಲಿ 4200 ಹಚ್ಚಿ. ಬೆಲ್ಲೋಸಿನ ಸೀಳಿಗೆ ಮಾತ್ರ ಯಾವ ಸೀಲಂಟೂ ಇಲ್ಲ. ಹಾಗೇ, ನೀರು ಬಿದ್ದು ಕೆಟ್ಟ ಸ್ಟಾರ್ಟರಿನ ಜಾಗಕ್ಕೆ ಕಾರಿನ ಸ್ಟಾರ್ಟರ್ ಹಾಕಬೇಡಿ, ಅಳತೆ ಸರಿಹೊಂದಿದರೂ. ಬೋಟಿನ ಸ್ಟಾರ್ಟರನ್ನು ಕಿಡಿ ಹೊರಬಂದು ಪೆಟ್ರೋಲ್ ಆವಿಗೆ ತಗುಲದಂತೆ ಮುಚ್ಚಿ ಮಾಡಿರುತ್ತಾರೆ.

ಹದಿನೈದು ದಿನ ಕಳೆದು ಅಳಿಯ ಫೋಟೋ ಕಳಿಸಿದ. ಹಳೆಯ ಬೆಲ್ಲೋಸಿನ ಮಡಿಕೆಯಲ್ಲಿ ಹೆಬ್ಬೆರಳುದ್ದದ ಸೀಳು, ಪಕ್ಕದಲ್ಲಿ ಕಂದು ತುಕ್ಕಿನ ಬೇರಿಂಗ್. ಹೊಸದನ್ನು ಹಾಕಿ, ತಾರೀಖನ್ನು ಟ್ರಾನ್ಸಮ್ಮಿನ ಒಳಬದಿ ಮಾರ್ಕರಿನಲ್ಲಿ ಬರೆದಿದ್ದ. ಟ್ರೇಲರಿನ ಪಟ್ಟಿ ಬಿಚ್ಚದೆ ಬೋಟನ್ನು ನೀರಿಗಿಳಿಸಿ ಅರ್ಧ ತಾಸು ಕಾದನಂತೆ, ಹೇಳಿದ ಹಾಗೆ. ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಪೇಪರ್ ಒಣಗಿತ್ತು. ಆಮೇಲೆ ಒಂದು ಸುತ್ತು ಓಡಿಸಿ ಬಂದು ತೆಗೆದ ಇನ್ನೊಂದು ಫೋಟೋ. ಅದರಲ್ಲಿ ಹಾಳೆಯ ಬಲ ಮೂಲೆಯಷ್ಟೇ, ರೂಪಾಯಿ ಅಗಲ, ತೊಯ್ದಿತ್ತು.

"ಇದೇನ್ ಮಾವಾ?"

"ಅದರ ನೆತ್ತಿ ಮ್ಯಾಲೆ ಏನದ ನೋಡು."

ಫೋನ್ ಕೆಳಗಿಟ್ಟು ಬಗ್ಗಿ ನೋಡಿದ ಸದ್ದು ಕೇಳಿಸಿತು. "ಏಣಿ ಬೋಲ್ಟ್ ಅದ. ಪುಡಿ ಮ್ಯಾಲೆ ಗೆರಿ ಅಲ್ಲಿಂದನೇ ಇಳದದ."

"ಮತ್ಯಾಕ ತಡ, ಬಿಚ್ಚು."